ಎರಡು ಸಾವಿರ ಕನೆಕ್ಷನ್, ಒಂಬತ್ತು ಉತ್ತರ: ದುಡ್ಡು ಹಾಕಿ ಸಮ್ಮೇಳನಕ್ಕೆ ಹೋಗಬೇಕಾ?

ಅರ್ಧವಿರಾಮ · ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ನೀವು ಬರೆದದ್ದನ್ನ ಓದ್ಕೊಂಡು ಸುಮ್ಮನಿರ್ತಿದ್ದೆ, ಇವತ್ತು ಕೇಳೋ ಸರದಿ ನನ್ನದು.

ನಾನು ಯಂತ್ರಗಳ ಕೈಪಿಡಿ ಬರೆಯೋಳು. ಒಂಬತ್ತು ವರ್ಷ ಆಯ್ತು, ಅದರಲ್ಲಿ ಕೊನೆಯ ಐದು ವರ್ಷ ಪೂರ್ತಿ ಮನೆಯಿಂದಲೇ ಕೆಲಸ. ಎರಡು ತಿಂಗಳ ಹಿಂದೆ ಕಾಂಟ್ರ್ಯಾಕ್ಟ್ ಮುಗೀತು, ಕಂಪನಿಯವರು ಮುಂದುವರಿಸಲಿಲ್ಲ. ಲಿಂಕ್ಡ್‌ಇನ್‌ನಲ್ಲಿ ಎರಡು ಸಾವಿರದ ಚಿಲ್ಲರೆ ಕನೆಕ್ಷನ್ ಇದೆಯಲ್ಲ, ಏನು ಭಯ ಅಂದ್ಕೊಂಡಿದ್ದೆ. ಅದರಲ್ಲಿ ಎಪ್ಪತ್ತು ಜನರನ್ನ ಆರಿಸಿ ಮೆಸೇಜ್ ಹಾಕಿದೆ. ಒಂಬತ್ತು ಉತ್ತರ ಬಂತು. ಆರು ಜನ "ಏನಾದ್ರೂ ಇದ್ದರೆ ತಿಳಿಸ್ತೀನಿ" ಅಂದರು, ಇಬ್ಬರು ಬರೀ ಹೆಬ್ಬೆರಳು ತೋರಿಸಿದರು. ಒಬ್ಬರು ಮಾತ್ರ ಫೋನ್ ಮಾಡಿದರು. ಅವರು ಯಾರು ಅಂದ್ರೆ, ನನ್ನ ಮೊದಲನೇ ಕೆಲಸದಲ್ಲಿ ಪಕ್ಕದ ಮೇಜಲ್ಲಿ ಕೂರ್ತಿದ್ದವರು. ಏಳು ವರ್ಷದಿಂದ ಅವರ ಜೊತೆ ಮಾತೇ ಇರಲಿಲ್ಲ.

ಅವರೇ ಹೇಳಿದ್ದು, ಮುಂದಿನ ತಿಂಗಳು ನಮ್ಮ ಕ್ಷೇತ್ರದ ಸಮ್ಮೇಳನ ಇದೆ, ಎರಡು ದಿನ, ಬಾ ಅಂತ. ನನಗೆ ಅದು ಬೇರೆ ಊರು. ಶುಲ್ಕ, ಪ್ರಯಾಣ, ಉಳಿಯೋದು ಎಲ್ಲ ಕೈಯಿಂದ. ಮನೇಲಿ ನಾಲ್ಕು ವರ್ಷದ ಮಗು. ಕೆಲಸ ಇಲ್ಲದ ಹೊತ್ತಲ್ಲಿ ಇಷ್ಟೆಲ್ಲ ಮಾಡ್ಕೊಂಡು ಹೋಗಿ, ಗುರುತಿಲ್ಲದ ಮುನ್ನೂರು ಜನರ ನಡುವೆ ನಗುಮುಖ ಹಾಕ್ಕೊಂಡು ನಿಲ್ಲಬೇಕಾ? ಇಲ್ಲಾ ಅದೇ ಎರಡು ದಿನ ಮನೇಲೇ ಕೂತು ಇನ್ನೂ ಎಪ್ಪತ್ತು ಜನರಿಗೆ ಬರೀಲಾ? ಮುಲಾಜಿಲ್ಲದೆ ಹೇಳಿ.

ಹಳೇಪೆನ್ನು · ಸೋಮವಾರ ಬೆಳಿಗ್ಗೆ

ಹೋಗಿ ಬನ್ನಿ ಮೇಡಂ, ಹಿಂದೆ ಮುಂದೆ ನೋಡಬೇಡಿ.

ನಾನು ಇಪ್ಪತ್ತಾರು ವರ್ಷ ಇದೇ ಕಸುಬಿನಲ್ಲಿ ಇದ್ದವನು, ಅದರಲ್ಲಿ ಹನ್ನೆರಡು ವರ್ಷ ಜನರನ್ನ ಕೆಲಸಕ್ಕೆ ಆರಿಸಿದ್ದೀನಿ. ದಿನಕ್ಕೆ ಹತ್ತಾರು ಮೆಸೇಜ್ ಬರುತ್ತೆ, ಎಲ್ಲಾ ಓದ್ತೀನಿ ಅಂತ ಸುಳ್ಳು ಹೇಳಲ್ಲ. ಆದರೆ ಎಲ್ಲೋ ಎದುರಿಗೆ ಸಿಕ್ಕಿ ಐದು ನಿಮಿಷ ಮಾತಾಡಿದವರ ಹೆಸರು ಕಂಡರೆ ಕಣ್ಣು ತಾನಾಗೇ ಅಲ್ಲಿ ನಿಲ್ಲುತ್ತೆ.

ಒಂದು ಸಲ ಕಾರ್ಯಾಗಾರದಲ್ಲಿ ಪ್ರೊಜೆಕ್ಟರ್ ಕೆಟ್ಟು ಮುಕ್ಕಾಲು ಗಂಟೆ ಎಲ್ಲರೂ ಸುಮ್ಮನೆ ಕೂತಿದ್ವಿ. ಪಕ್ಕದವರು ಬೇಜಾರಿಗೆ ಬ್ಯಾಗಿನಿಂದ ಕರಡು ತೆಗೆದು ತಪ್ಪು ಗುರುತು ಹಾಕೋಕೆ ಶುರು ಮಾಡಿದರು. ನಾನು ಇಣುಕಿ ನೋಡಿ "ಇಲ್ಲಿ ಚಿತ್ರದ ನಂಬರ್ ತಪ್ಪಿದೆ, ಮೂರಾಗಬೇಕಿತ್ತು" ಅಂದೆ. ಮುಂದಿನ ನಾಲ್ಕು ವರ್ಷ ಅವರ ಕಂಪನಿಯ ಕೆಲಸ ನನಗೇ ಬಂತು. ರೆಸ್ಯೂಮೆ ಕೇಳಿದ್ದು ಎರಡನೇ ವರ್ಷ, ಅದೂ ಕಡತಕ್ಕೆ ಬೇಕು ಅಂತ.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. 2017ರಲ್ಲಿ ರೊಘಾನಿಜಾದ್, ಬೋನ್ಸ್ ಅನ್ನೋ ಇಬ್ಬರು ಸಂಶೋಧಕರು ಪರೀಕ್ಷೆ ಮಾಡಿ ತೋರಿಸಿದರು, ಎದುರಿಗೆ ನಿಂತು ಕೇಳಿದರೆ ಇಮೇಲ್‌ಗಿಂತ 34 ಪಟ್ಟು ಫಲ ಅಂತ.

ತಾಳೆಲೆಕ್ಕ · ಸೋಮವಾರ ಮಧ್ಯಾಹ್ನ

ಹಳೇಪೆನ್ನು ಸರ್, ಆ 34 ಪಟ್ಟಿನ ಮಾತು ಎಲ್ಲಾ ಕಡೆ ಸುತ್ತಾಡ್ತಿದೆ, ಹಿಡಿದು ನಿಲ್ಲಿಸಿ ಒಂದ್ಸಲ ನೋಡೋಣ. 45 ಜನ ತಲಾ 10 ಅಪರಿಚಿತರನ್ನ, ಅಂದ್ರೆ ಒಟ್ಟು 450 ಜನರನ್ನ, ಒಂದು ಪುಟ್ಟ ಸಮೀಕ್ಷೆ ತುಂಬಿಕೊಡಿ ಅಂತ ಕೇಳಿದ್ದು ಅದು. ಅರ್ಧ ಜನ ಎದುರಿಗೆ, ಅರ್ಧ ಜನ ಇಮೇಲ್‌ನಲ್ಲಿ. ಕೆಲಸ ಕೊಡಿ ಅಂತ ಯಾರೂ ಕೇಳಿರಲಿಲ್ಲ. ಎದುರಿಗೆ ನಿಂತವರಿಗೆ "ಆಗಲ್ಲ" ಅನ್ನೋದು ಕಷ್ಟ, ಅಷ್ಟನ್ನು ಅದು ತೋರಿಸುತ್ತೆ. ದಾಕ್ಷಿಣ್ಯಕ್ಕೆ ಫಾರಂ ತುಂಬ್ತಾರೆ, ದಾಕ್ಷಿಣ್ಯಕ್ಕೆ ಯಾರೂ ಕೆಲಸ ಕೊಡಲ್ಲ. ಕೊಟ್ಟರೂ ಅಂಥ ಕೆಲಸ ಉಳಿಯಲ್ಲ.

ಅರ್ಧವಿರಾಮ ಅವರ ವಿಷಯಕ್ಕೆ ಹೊಂದೋ ಅಧ್ಯಯನ ಬೇರೆ. 1973ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಒಂದು ಲೇಖನ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನ ಕೇಳಿದಾಗ ಬಹುಪಾಲು ಜನಕ್ಕೆ ಸುದ್ದಿ ಮುಟ್ಟಿಸಿದ್ದು ಆಪ್ತರಲ್ಲ, ಅಪರೂಪಕ್ಕೆ ಸಿಗೋ ಪರಿಚಯಸ್ಥರು. ಕಾರಣ ಸರಳ: ಆಪ್ತರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತೆ. ಹೊಸ ಸುದ್ದಿ ಬರೋದು ಬೇರೆ ಗುಂಪಿನಲ್ಲಿ ಓಡಾಡೋರಿಂದ.

2022ರಲ್ಲಿ ಇದನ್ನೇ ಲಿಂಕ್ಡ್‌ಇನ್‌ನಲ್ಲಿ ದೊಡ್ಡದಾಗಿ ಪರೀಕ್ಷಿಸಿದ ಫಲಿತಾಂಶ ಬಂತು. "ಇವರು ನಿಮಗೆ ಗೊತ್ತಿರಬಹುದು" ಅಂತ ತೋರಿಸುತ್ತಲ್ಲ, ಆ ಪಟ್ಟಿಯನ್ನ ಐದು ವರ್ಷ, 2 ಕೋಟಿ ಬಳಕೆದಾರರಿಗೆ ಬೇರೆ ಬೇರೆ ಥರ ಬದಲಾಯಿಸಿ ನೋಡಿದರು. (ಬಳಕೆದಾರರಿಗೆ ಹೇಳದೇ ಮಾಡಿದ್ದು, ಅದಕ್ಕೆ ಟೀಕೆಯೂ ಬಂತು. ನಮ್ಮಲ್ಲೂ ಯಾರ್ಯಾರು ಆ ಪ್ರಯೋಗದ ಇಲಿಗಳೋ.) ಸಡಿಲ ಪರಿಚಯಗಳೇ ಕೆಲಸ ಬದಲಾಯಿಸೋಕೆ ಹೆಚ್ಚು ನೆರವಾದವು, ಆದರೆ ತೀರಾ ಸಡಿಲವಾದವು ಅಲ್ಲ. ನಡುವೆ ಒಂದಷ್ಟು ಸಮಾನ ಪರಿಚಯಸ್ಥರು ಇರೋವಂಥವು. ನಿಮ್ಮ ಎರಡು ಸಾವಿರದಲ್ಲಿ ಅಂಥವರು ಎಷ್ಟು ಜನ ಎಣಿಸಿದ್ದೀರಾ ಮೇಡಂ?

ಅಂಬಿಗ · ಸೋಮವಾರ ಮಧ್ಯಾಹ್ನ

ಎರಡು ಸಾವಿರದಲ್ಲಿ ಸಾವಿರದ ಒಂಬೈನೂರು ಜನ ಅವರೂ ಕೆಲಸ ಹುಡುಕ್ತಾ ಇರೋರೇ. ಒಬ್ಬರಿಗೊಬ್ಬರು ಹುಟ್ಟುಹಬ್ಬದ ಶುಭಾಶಯ ಹೇಳ್ಕೊಂಡು ಕಾಲ ಕಳೀತಿದ್ದೀವಿ.

ಕಿಟಕಿಪಕ್ಕ · ಸೋಮವಾರ ಸಂಜೆ

"ಹೋಗಿ ಬನ್ನಿ, ಹಿಂದೆ ಮುಂದೆ ನೋಡಬೇಡಿ" ಅನ್ನೋದು ಹೋಗೋಕೆ ಆಗೋರು ಹೇಳೋ ಮಾತು.

ನನಗೆ ಎರಡೂ ಕಿವಿ ಮಂದ, ಶ್ರವಣಯಂತ್ರ ಹಾಕ್ತೀನಿ. ಇಬ್ಬರೇ ಕೂತು ಮಾತಾಡಿದರೆ ಪರವಾಗಿಲ್ಲ. ಸಮ್ಮೇಳನದ ಹಾಲ್ ನನಗೆ ಹೇಗಿರುತ್ತೆ ಗೊತ್ತಾ? ವಿರಾಮ ಅಂತ ಬಾಗಿಲು ತೆಗೆದ ತಕ್ಷಣ ಮುನ್ನೂರು ಜನ ಒಟ್ಟಿಗೆ ಬಾಯಿ ತೆಗೀತಾರೆ. ಯಂತ್ರಕ್ಕೆ ನನ್ನ ಎದುರಿಗಿರೋರ ದನಿ, ಹಿಂದೆ ಕುರ್ಚಿ ಎಳೆಯೋ ಸದ್ದು ಎರಡೂ ಒಂದೇ. ತುಟಿ ನೋಡಿ ಅರ್ಥ ಮಾಡ್ಕೋಬೇಕು, ಅವರೋ ನನ್ನ ಭುಜದ ಮೇಲಿಂದ ಇನ್ನೂ ದೊಡ್ಡವರು ಯಾರಾದ್ರೂ ಬಂದ್ರಾ ಅಂತ ನೋಡ್ತಾ ಮಾತಾಡ್ತಿರ್ತಾರೆ. ಮೂರು ಸಲ "ಏನಂದ್ರಿ?" ಅಂದ ಮೇಲೆ ನಾಲ್ಕನೇ ಸಲ ಸುಮ್ಮನೆ ನಕ್ಕು ತಲೆ ಆಡಿಸ್ತೀನಿ. ಒಂದ್ಸಲ ಹಾಗೆ ನಕ್ಕಿದ್ದು ಯಾರೋ ತೀರಿಕೊಂಡ ವಿಷಯಕ್ಕೆ ಅಂತ ಆಮೇಲೆ ಗೊತ್ತಾಯ್ತು.

ವಿಡಿಯೋ ಕರೆಯಲ್ಲಿ ಕೆಳಗೆ ಅಕ್ಷರ ಬರುತ್ತೆ. ಬರವಣಿಗೆಯಲ್ಲಿ ನಾನು ಯಾರಿಗೂ ಕಮ್ಮಿ ಇಲ್ಲ. ನನಗೆ ಸಿಕ್ಕ ಅಷ್ಟೂ ಕೆಲಸ ಬಂದಿದ್ದು ಒಂದು ತಾಂತ್ರಿಕ ಗುಂಪಿನಲ್ಲಿ ಬೇರೆಯವರ ಪ್ರಶ್ನೆಗೆ ಉತ್ತರ ಬರೆದು ಬರೆದು. ಎದುರಾಬದುರು ಭೇಟಿ ಅಂದ್ರೆ ಮುಖ ನೋಡಿ ಮಣೆ ಹಾಕೋದು. ಅಲ್ಲಿ ಗೆಲ್ಲೋದು ಎತ್ತರದ ದನಿ, ಒಳ್ಳೆ ಬಟ್ಟೆ, ಮನೇಲಿ ಮಗು ನೋಡ್ಕೊಳ್ಳೋಕೆ ಬೇರೆಯವರು ಇರೋರು.

ಹಳೇಪೆನ್ನು · ಸೋಮವಾರ ರಾತ್ರಿ

ಕಿಟಕಿಪಕ್ಕ ಅವರೇ, ನಾನು ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ. ಭುಜದ ಮೇಲಿಂದ ನೋಡೋ ಅಭ್ಯಾಸ ನನಗೂ ಇದೆ ಅಂತ ಈಗ ಅನಿಸ್ತಿದೆ, ತಪ್ಪಾಯ್ತು.

ಆದರೂ ಒಂದು ಮಾತು. ನೀವು ವರ್ಷಗಟ್ಟಲೆ ಉತ್ತರ ಬರೆದಿರಿ, ಅದಕ್ಕೆ ನಿಮ್ಮ ಮೇಲೆ ನಂಬಿಕೆ ಹುಟ್ಟಿತು. ಈ ಮೇಡಂ ಹತ್ತಿರ ಅಷ್ಟು ವರ್ಷ ಇಲ್ಲ, ಕೆಲಸ ಈಗ ಬೇಕು. ಎದುರಿಗೆ ಕಂಡರೆ ನಂಬಿಕೆ ಬೇಗ ಬರುತ್ತೆ.

ಪ್ಯಾಚ್‌ಗಾರ · ಮಂಗಳವಾರ ಬೆಳಿಗ್ಗೆ

ನಂಬಿಕೆ ಅಂದ್ರಲ್ಲ, ನಮ್ಮ ಕಡೆಯ ಒಂದು ಕಥೆ ಕೇಳಿ. ನಾನು ಮುಕ್ತ ತಂತ್ರಾಂಶದ (ಯಾರು ಬೇಕಾದ್ರೂ ಒಳಗೆ ನೋಡಿ ತಿದ್ದಬಹುದಾದ ತಂತ್ರಾಂಶ) ಕೆಲಸದವನು, ನಮ್ಮ ವ್ಯವಹಾರ ಎಲ್ಲಾ ಮೊದಲಿಂದಲೂ ಆನ್‌ಲೈನೇ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ತಾವು ಬರೀತಿದ್ದ ಲಿನಕ್ಸ್ ಅನ್ನೋ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಬಗ್ಗೆ ಮೊದಲು ಹೇಳಿದ್ದೇ ಒಂದು ಆನ್‌ಲೈನ್ ಸುದ್ದಿಗುಂಪಿನಲ್ಲಿ. ಮುಖ ನೋಡದವರ ಜೊತೆ ಹತ್ತು ವರ್ಷ ಕೆಲಸ ಮಾಡೋದು ನಮಗೆ ಮಾಮೂಲು.

ಆದರೆ ಎಕ್ಸ್‌ಝಡ್ ಪ್ರಕರಣ ನೆನಪಿದೆಯಾ? ಫೈಲ್ ಕುಗ್ಗಿಸೋ ಸಣ್ಣ ತಂತ್ರಾಂಶ, ಲಿನಕ್ಸ್ ಇರೋ ಕಡೆಯೆಲ್ಲ ಇರುತ್ತೆ. ಒಬ್ಬರೇ ನೋಡ್ಕೋತಿದ್ರು, ಸುಸ್ತಾಗಿದ್ರು. 2021ರಿಂದ "ಜಿಯಾ ಟಾನ್" ಅನ್ನೋ ಹೆಸರಲ್ಲಿ ಯಾರೋ ಬಂದು ತಾಳ್ಮೆಯಿಂದ ನೆರವಾಗ್ತಾ ಹೋದರು. ಬೇರೆ ಕೆಲವು ಖಾತೆಗಳು "ಕೆಲಸ ನಿಧಾನ ಆಯ್ತು, ಇನ್ನೊಬ್ಬರಿಗೆ ಜವಾಬ್ದಾರಿ ಕೊಡಿ" ಅಂತ ಒತ್ತಡ ಹಾಕಿದವು. ಕೊನೆಗೆ ಜವಾಬ್ದಾರಿ ಸಿಕ್ತು. 2024ರ ಹೊತ್ತಿಗೆ ಒಳಗೆ ಕಳ್ಳಬಾಗಿಲು, ಅಂದ್ರೆ ಗುಟ್ಟಾಗಿ ಒಳಗೆ ನುಗ್ಗೋ ದಾರಿ, ಇಟ್ಟಾಗಿತ್ತು. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್‌ಗೆ ಲಾಗಿನ್ ಆಗೋಕೆ ಅರ್ಧ ಸೆಕೆಂಡ್ ಹೆಚ್ಚು ಹಿಡೀತಿದೆಯಲ್ಲ ಅನ್ನೋ ಕಿರಿಕಿರಿ ಆಗಿ ಕೆದಕಿದ್ದಕ್ಕೆ ಮಾರ್ಚ್ 29ರಂದು ಬಯಲಾಯ್ತು. ಎರಡು ವರ್ಷಕ್ಕೂ ಮೀರಿದ ಒಡನಾಟ, ಆದರೆ ಆ ಹೆಸರಿನ ಹಿಂದೆ ಇದ್ದ ಮುಖ ಯಾವುದು ಅಂತ ಹೊರಗೆ ಬಂದೇ ಇಲ್ಲ.

ಮುಖ ಗೊತ್ತಿರಲಿ ಅಂತಲೇ, ಲಿನಕ್ಸಿನ ಒಂದು ಆವೃತ್ತಿ ಕಟ್ಟೋ ಡೆಬಿಯನ್ ಬಳಗದಲ್ಲಿ ಮೊದಲಿಂದಲೂ ಒಂದು ಹಳೇ ಪದ್ಧತಿ ಇದೆ. ಇಬ್ಬರು ಎದುರಿಗೆ ಕೂತು ಒಬ್ಬರ ಗುರುತಿನ ಚೀಟಿ ಇನ್ನೊಬ್ಬರು ನೋಡಿ, ಗೂಢಲಿಪಿ ಕೀಲಿಯ (ಆನ್‌ಲೈನ್‌ನಲ್ಲಿ ಇವರೇ ಅಂತ ಗುರುತಿಸೋ ಡಿಜಿಟಲ್ ಮುದ್ರೆ) ಉದ್ದನೆ ಸಂಖ್ಯೆಯನ್ನ ಕಾಗದದಿಂದ ಓದಿ ತಾಳೆ ಹಾಕಿ, ಆಮೇಲೆ ಸಹಿ ಮಾಡ್ತಾರೆ. ಪ್ರಪಂಚದಲ್ಲೇ ಅತಿ ಹೆಚ್ಚು ಆನ್‌ಲೈನ್ ಆಗಿರೋ ಜನ ಕಾಗದ ಹಿಡ್ಕೊಂಡು ಸಾಲಾಗಿ ನಿಂತು ಅಂಕಿ ಓದೋದನ್ನ ನೋಡೋಕೆ ಮಜಾ ಇರುತ್ತೆ.

ಕಿಟಕಿಪಕ್ಕ · ಮಂಗಳವಾರ ಬೆಳಿಗ್ಗೆ

ಚೀಟಿ ನೋಡಿದರೆ ಹೆಸರು ಗೊತ್ತಾಗುತ್ತೆ, ಮನಸ್ಸಲ್ಲ. ಹೂಡಿಕೆ ಹೆಸರಲ್ಲಿ ಭಾರೀ ಮೋಸ ಮಾಡಿದ ಅಮೆರಿಕದ ಬರ್ನಿ ಮೇಡಾಫ್ ಕಥೆ ನೋಡಿ. 2008ರಲ್ಲಿ ಸಿಕ್ಕಿಬೀಳೋವರೆಗೂ ಅವನಿಗೆ ದುಡ್ಡು ಕೊಟ್ಟವರಲ್ಲಿ ಎಷ್ಟೋ ಜನ ಕ್ಲಬ್ಬುಗಳಲ್ಲಿ ಕೈ ಕುಲುಕಿ, ಜೊತೆಗೆ ಕೂತು ಪರಿಚಯ ಆದವರೇ. ಕಾಗದದ ಮೇಲೆ ಸುಮಾರು 65 ಶತಕೋಟಿ ಡಾಲರ್ ಲೆಕ್ಕ ಅದು. ಅದನ್ನ ಅಷ್ಟು ವರ್ಷ ಕಾಪಾಡಿದ್ದು ಎದುರಾಬದುರಿನ ನಂಬಿಕೆಯೇ. "ಒಳ್ಳೆ ಮನುಷ್ಯ, ನನಗೆ ಖುದ್ದು ಗೊತ್ತು" ಅನ್ನೋ ಐದು ಪದ ಎಷ್ಟು ಮನೆ ಮುರಿದಿದೆಯೋ.

ಅಂಬಿಗ · ಮಂಗಳವಾರ ಬೆಳಿಗ್ಗೆ

ಕೇಳಿದ್ದು ಕೈಪಿಡಿ ಬರೆಯೋ ಕೆಲಸ. ನಾವು ಬಂದು ನಿಂತಿದ್ದು ಜಾಗತಿಕ ವಂಚನೆಯಲ್ಲಿ. ಎತ್ತು ಏರಿಗೆ, ಕೋಣ ನೀರಿಗೆ.

ತಾಳೆಲೆಕ್ಕ · ಮಂಗಳವಾರ ಮಧ್ಯಾಹ್ನ

ಅಂಬಿಗ ಹೇಳಿದ್ದು ಸರಿ, ದಾರಿಗೆ ಬರೋಣ. ಅರ್ಧವಿರಾಮ ಮೇಡಂ, ಆ ಎಪ್ಪತ್ತು ಜನಕ್ಕೆ ಕಳಿಸಿದ ಮೆಸೇಜ್ ಇಲ್ಲಿ ಹಾಕ್ತೀರಾ? ಹೆಸರು ತೆಗೆದು. ಎಪ್ಪತ್ತಕ್ಕೆ ಒಂಬತ್ತು ಅಂದ್ರೆ ಮಾಧ್ಯಮದ ತಪ್ಪೋ ಮೆಸೇಜಿನ ತಪ್ಪೋ ಮೊದಲು ಗೊತ್ತಾಗಲಿ.

ಅರ್ಧವಿರಾಮ · ಮಂಗಳವಾರ ಸಂಜೆ

ನಾಚಿಕೆ ಆಗ್ತಿದೆ, ಆದರೂ ಹಾಕ್ತೀನಿ.

"ನಮಸ್ಕಾರ. ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನು ಸದ್ಯ ಹೊಸ ಅವಕಾಶಗಳನ್ನು ಎದುರುನೋಡುತ್ತಿದ್ದೇನೆ. ತಾಂತ್ರಿಕ ಬರವಣಿಗೆಯಲ್ಲಿ ಒಂಬತ್ತು ವರ್ಷಗಳ ಅನುಭವವಿದೆ. ತಮ್ಮ ಸಂಸ್ಥೆಯಲ್ಲಾಗಲಿ ಪರಿಚಯದಲ್ಲಾಗಲಿ ಸೂಕ್ತ ಹುದ್ದೆ ಇದ್ದಲ್ಲಿ ದಯವಿಟ್ಟು ತಿಳಿಸಿ. ರೆಸ್ಯೂಮೆ ಲಗತ್ತಿಸಿದ್ದೇನೆ."

ಹಳೇಪೆನ್ನು · ಮಂಗಳವಾರ ರಾತ್ರಿ

ಮೇಡಂ, ಕೈಪಿಡಿ ಬರೆಯೋರು ನೀವು, ನಿಮಗೇ ಕೇಳ್ತೀನಿ: ಇದನ್ನ ಓದಿದವನು ಮುಂದಿನ ಐದು ನಿಮಿಷದಲ್ಲಿ ಏನು ಮಾಡಬೇಕು? ಮೊದಲನೇ ಹೆಜ್ಜೆ ಏನು, ಎರಡನೇ ಹೆಜ್ಜೆ ಏನು? ತನ್ನ ಕಂಪನಿಯಲ್ಲಿ ಯಾವ ಹುದ್ದೆ ಖಾಲಿ ಇದೆ ಅಂತ ಹುಡುಕಬೇಕು, ಅದಕ್ಕೆ ನೀವು ಹೊಂದ್ತೀರಾ ಅಂತ ರೆಸ್ಯೂಮೆ ತೆಗೆದು ಓದಬೇಕು, ಯಾರಿಗೆ ಹೇಳಬೇಕು ಅಂತ ಯೋಚಿಸಬೇಕು. ಕೆಲಸವೆಲ್ಲ ಅವನ ತಲೆ ಮೇಲೆ. ಅವನು ಕೆಟ್ಟವನಲ್ಲ, ನಾಳೆ ನೋಡೋಣ ಅಂದ್ಕೋತಾನೆ. ಆ ನಾಳೆ ಬರಲ್ಲ.

ನೀವು ಮಾಡಿದ ಒಂದೇ ಒಂದು ಒಳ್ಳೆ ಕೆಲಸ ಹೇಳಿ. ದೊಡ್ಡದು ಬೇಡ.

ಅರ್ಧವಿರಾಮ · ಮಂಗಳವಾರ ರಾತ್ರಿ

ಒಂದು ಪ್ಯಾಕಿಂಗ್ ಯಂತ್ರ. ಒಳಗೆ ಹಾಳೆ ಸಿಕ್ಕಿಕೊಂಡರೆ ಬಿಡಿಸಿ ಮತ್ತೆ ಚಾಲು ಮಾಡೋದು ಹೇಗೆ ಅನ್ನೋದು ಕೈಪಿಡಿಯಲ್ಲಿ ಮೂರು ಕಡೆ ಚೆದುರಿತ್ತು. ಯಂತ್ರ ನಡೆಸೋರು ಪ್ರತಿ ಸಲ ಸರ್ವೀಸ್‌ನವರಿಗೆ ಫೋನ್ ಮಾಡ್ತಿದ್ರು. ನಾನು ಸರ್ವೀಸ್ ಹುಡುಗರ ಜೊತೆ ಒಂದು ಮಧ್ಯಾಹ್ನ ವಿಡಿಯೋ ಕರೆಯಲ್ಲಿ ಕೂತು, ಅವರು ಕೈ ಎಲ್ಲಿಡ್ತಾರೆ ಅಂತ ನೋಡಿ, ಆರು ಹೆಜ್ಜೆ ನಾಲ್ಕು ಚಿತ್ರದಲ್ಲಿ ಒಂದೇ ಪುಟಕ್ಕೆ ತಂದೆ. ಫೋನ್ ಬರೋದು ಎಷ್ಟೋ ಕಮ್ಮಿ ಆಯ್ತು ಅಂದರು. ಆಮೇಲೆ ಆ ಪುಟವನ್ನ ಲ್ಯಾಮಿನೇಟ್ ಮಾಡಿಸಿ ಯಂತ್ರದ ಪಕ್ಕಕ್ಕೇ ಅಂಟಿಸಿದ ಫೋಟೋ ಕಳಿಸಿದ್ರು. ಅದು ನನ್ನ ಫೋನಲ್ಲಿ ಇನ್ನೂ ಇದೆ.

ಹಳೇಪೆನ್ನು · ಮಂಗಳವಾರ ರಾತ್ರಿ

ಇದನ್ನ ಯಾಕಮ್ಮಾ ಯಾರಿಗೂ ಹೇಳಲಿಲ್ಲ!

ಇದನ್ನೇ ಬರೀರಿ. ಎಪ್ಪತ್ತು ಜನಕ್ಕೆ ಬೇಡ, ಯಂತ್ರ ಮಾಡೋ ಕಂಪನಿಗಳಲ್ಲಿ ಸರ್ವೀಸ್ ಅಥವಾ ದಾಖಲಾತಿ ನೋಡ್ಕೊಳ್ಳೋ ಎಂಟು ಜನಕ್ಕೆ. ಹೀಗೆ: "ನಿಮ್ಮ ಸರ್ವೀಸ್ ತಂಡಕ್ಕೆ ಪದೇ ಪದೇ ಬರೋ ಒಂದು ಫೋನ್ ಕರೆ ಯಾವುದು ಅಂತ ಹೇಳಿದರೆ, ಆ ಕರೆ ನಿಲ್ಲಿಸೋ ಒಂದು ಪುಟ ನಾನು ಬರೆದು ತೋರಿಸ್ತೀನಿ. ಹಿಂದೆ ಹೀಗೆ ಮಾಡಿದ್ದೆ." ಇದಕ್ಕೆ ಉತ್ತರ ಬರೆಯೋಕೆ ಒಂದು ಸಾಲು ಸಾಕು.

ತಾಳೆಲೆಕ್ಕ · ಮಂಗಳವಾರ ರಾತ್ರಿ

ಜೋಪಾನ, ಆ ಪುಟ ಹಳೇ ಕಂಪನಿಯ ಸ್ವತ್ತು. ಕೈಪಿಡಿ ಸಾರ್ವಜನಿಕವಾಗಿ ಸಿಗೋದಾದ್ರೆ ಕೊಂಡಿ ಕೊಡಿ. ಇಲ್ಲದಿದ್ದರೆ ಯಾವುದಾದ್ರೂ ಮನೆಬಳಕೆಯ ಯಂತ್ರಕ್ಕೆ ಅದೇ ಥರದ ಒಂದು ಪುಟ ಹೊಸದಾಗಿ ಬರೆದು ಲಗತ್ತಿಸಿ. ಗೌಪ್ಯತೆಯ ಕರಾರು ಮುರಿದವರನ್ನ ಯಾರೂ ಕರೆಯಲ್ಲ.

ನಡುಮನೆ · ಬುಧವಾರ ಬೆಳಿಗ್ಗೆ

ನಾನು ಮೇಷ್ಟ್ರು, ಗಣಿತ. ಇಲ್ಲಿ ಮೂಗು ತೂರಿಸ್ತಿದ್ದೀನಿ, ಕ್ಷಮಿಸಿ. ಗುರುತಿಲ್ಲದವರಿಗೆ ಬರೆಯೋ ಪತ್ರದ ವಿಷಯ ಬಂದಾಗ ರಾಮಾನುಜನ್ ನೆನಪಾದರು. 1913ರ ಜನವರಿ 16ರ ತಾರೀಖಿನ ಪತ್ರ, ಬರೆದದ್ದು ಕೇಂಬ್ರಿಡ್ಜಿನ ಹಾರ್ಡಿಗೆ. ಅದಕ್ಕೂ ಮುಂಚೆ ಅಲ್ಲಿಯ ಇನ್ನಿಬ್ಬರು ದೊಡ್ಡ ಗಣಿತಜ್ಞರಿಗೆ ಬರೆದು ಫಲ ಸಿಕ್ಕಿರಲಿಲ್ಲ. ನಾನೊಬ್ಬ ಗುಮಾಸ್ತ ಅಂತ ಎರಡು ಸಾಲಲ್ಲಿ ಹೇಳಿಕೊಂಡು, ಜೊತೆಗೆ ಪುಟಗಟ್ಟಲೆ ಪ್ರಮೇಯಗಳನ್ನೇ ಕಳಿಸಿದ್ರು. ಹಾರ್ಡಿ, ಅವರ ಜೊತೆಗಾರ ಗಣಿತಜ್ಞ ಲಿಟ್ಲ್‌ವುಡ್ ಇಬ್ಬರೂ ಆ ಹಾಳೆಗಳ ಮುಂದೆ ಕೂತರು, ಮುಂದಿನದು ಗೊತ್ತೇ ಇದೆ. ಅದರಲ್ಲಿ ರೆಸ್ಯೂಮೆ ಇರಲಿಲ್ಲ, ಕೆಲಸವೇ ಇತ್ತು.

ಹಳೇಪೆನ್ನು · ಬುಧವಾರ ಬೆಳಿಗ್ಗೆ

ಮೇಷ್ಟ್ರೇ, ಒಳ್ಳೇದೇ ಹೇಳಿದ್ರಿ. ಆದರೆ ಪತ್ರದಿಂದ ಬಾಗಿಲು ತೆರೀತು ಅಷ್ಟೇ, ಆಮೇಲೆ 1914ರಲ್ಲಿ ಹಡಗು ಹತ್ತಲೇಬೇಕಾಯ್ತಲ್ಲ!

ಕಿಟಕಿಪಕ್ಕ · ಬುಧವಾರ ಬೆಳಿಗ್ಗೆ

ಆ ಹಡಗು ಹತ್ತಿದ್ದರ ಬೆಲೆಯನ್ನೂ ಹೇಳಿ ಸರ್. ಅಲ್ಲಿಯ ಚಳಿ, ಯುದ್ಧಕಾಲದ ಒಂಟಿತನ, ವರ್ಷಗಟ್ಟಲೆ ಕಾಯಿಲೆ. 1919ರಲ್ಲಿ ವಾಪಸ್, ಮರುವರ್ಷ 32ನೇ ವಯಸ್ಸಿಗೇ ಹೋಗಿಬಿಟ್ಟರು.

ನಡುಮನೆ · ಬುಧವಾರ ಬೆಳಿಗ್ಗೆ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ತಾಳೆಲೆಕ್ಕ · ಬುಧವಾರ ಸಂಜೆ

ಯಾರೂ ಗಮನಿಸದ ಒಂದು ಅಂಶ ಮೊದಲನೇ ಪೋಸ್ಟಿನಲ್ಲೇ ಇತ್ತು: ಫೋನ್ ಮಾಡಿದ ಆ ಒಬ್ಬರು ಏಳು ವರ್ಷದಿಂದ ಮಾತಿಲ್ಲದ ಹಳೇ ಸಹೋದ್ಯೋಗಿ. 2011ರಲ್ಲಿ ಲೆವಿನ್, ವಾಲ್ಟರ್, ಮರ್ನಿಗನ್ ಅನ್ನೋ ಸಂಶೋಧಕರು ಇದನ್ನೇ ನೋಡಿದ್ರು. ಕಂಪನಿಗಳ ಅಧಿಕಾರಿಗಳಿಗೆ, ವರ್ಷಗಳಿಂದ ಮಾತು ಬಿಟ್ಟುಹೋದ ಹಳೇ ಪರಿಚಯದವರನ್ನ ಹುಡುಕಿ ಒಂದು ಕೆಲಸದ ಬಗ್ಗೆ ಸಲಹೆ ಕೇಳಿ ಅಂದ್ರು. ಅವರು ಕೊಟ್ಟ ಸಲಹೆ ಈಗ ಒಡನಾಟದಲ್ಲಿ ಇರೋರದ್ದಕ್ಕಿಂತ ಕಮ್ಮಿ ಇರಲಿಲ್ಲ, ಎಷ್ಟೋ ಸಲ ಹೆಚ್ಚು ಹೊಸತಿತ್ತು. ಹಳೇ ನಂಬಿಕೆ ಹಾಗೇ ಉಳಿದಿರುತ್ತೆ, ಈ ನಡುವೆ ಅವರು ಬೇರೆ ಲೋಕ ನೋಡಿ ಬಂದಿರ್ತಾರೆ.

ಇದರಲ್ಲಿ ಆನ್‌ಲೈನ್ ಎಷ್ಟು, ಎದುರಾಬದುರು ಎಷ್ಟು ಬಿಡಿಸಿ ಹೇಳಿ ನೋಡೋಣ. ಪಕ್ಕದ ಮೇಜಲ್ಲಿ ಕೂತಾಗ ಹುಟ್ಟಿದ ಪರಿಚಯ, ಅವರನ್ನ ಮತ್ತೆ ಹುಡುಕಿಕೊಟ್ಟಿದ್ದು ಲಿಂಕ್ಡ್‌ಇನ್, ಮಾತಾಡಿದ್ದು ಫೋನಲ್ಲಿ. ಅವರು ಫೋನ್ ಮಾಡಿದ್ದು ಯಾಕೆ ಅಂದ್ರೆ ನೀವು ಕೆಲಸ ಮಾಡೋದನ್ನ ಕಣ್ಣಾರೆ ಕಂಡಿದ್ರು. ಉಳಿದ ಅರವತ್ತೊಂಬತ್ತು ಜನ ಕಂಡಿದ್ದು ನಿಮ್ಮ ಫೋಟೋ. ಕಿಟಕಿಪಕ್ಕ ಅವರ ಉತ್ತರಗಳನ್ನೂ ಜನ ಕಣ್ಣಾರೆ ಕಂಡಿದ್ದೇ ಅಲ್ವಾ, ಪರದೆ ಮೇಲೆ ಅಷ್ಟೇ.

ಮನೆಯಿಂದ ಐದು ವರ್ಷ ಕೆಲಸ ಮಾಡಿದ್ದರಲ್ಲಿ ಆದ ನಷ್ಟವೂ ಇದೇ ಇರಬಹುದು. ಮೈಕ್ರೋಸಾಫ್ಟ್ ತನ್ನದೇ 61,182 ಉದ್ಯೋಗಿಗಳ 2020ರ ಮೊದಲ ಆರು ತಿಂಗಳ ಸಂವಹನದ ಲೆಕ್ಕ ತೆಗೆದಿತ್ತು. ಎಲ್ಲರೂ ಮನೆ ಸೇರಿದ ಮೇಲೆ ತಮ್ಮ ಗುಂಪಿನ ಒಳಗಿನ ಮಾತು ಗಟ್ಟಿಯಾಯ್ತು, ಗುಂಪಿನಾಚೆಯವರ ಜೊತೆಗಿನ ಕೊಂಡಿ ತೆಳುವಾಯ್ತು. ಕೆಲಸ ನಡೀತಿರೋವಾಗ ಇದು ಗೊತ್ತಾಗಲ್ಲ. ಕೆಲಸ ಹೋದ ದಿನ ಗೊತ್ತಾಗುತ್ತೆ.

ಪ್ಯಾಚ್‌ಗಾರ · ಬುಧವಾರ ರಾತ್ರಿ

ಹೋಗೋದಾದ್ರೆ ಒಂದು ಎಚ್ಚರಿಕೆ. ಹೊಸಬರನ್ನ ಭೇಟಿ ಆಗ್ತೀನಿ ಅಂತ ಹೋಗಿ ಹಳಬರ ಜೊತೆನೇ ನಿಂತು ಬರೋದು ಮನುಷ್ಯನ ಸ್ವಭಾವ. 2007ರಲ್ಲಿ ಇಂಗ್ರಮ್, ಮಾರಿಸ್ ಅನ್ನೋರು ಒಂದು ಕೂಟಕ್ಕೆ ಬಂದ ವ್ಯಾಪಾರಸ್ಥರ ಎದೆಗೆ ಎಲೆಕ್ಟ್ರಾನಿಕ್ ಬ್ಯಾಡ್ಜ್ ಸಿಕ್ಕಿಸಿ ಯಾರು ಯಾರ ಹತ್ತಿರ ಎಷ್ಟು ಹೊತ್ತು ನಿಂತರು ಅಂತ ಲೆಕ್ಕ ಹಾಕಿದ್ರು. ಹೊಸ ಪರಿಚಯ ಮಾಡ್ಕೊಳ್ಳೋದೇ ಗುರಿ ಅಂತ ಮುಂಚೆ ಹೇಳಿದ್ದವರು ಕೂಟದಲ್ಲಿ ಒಲವು ತೋರಿಸಿದ್ದು ಮೊದಲೇ ಗೊತ್ತಿದ್ದವರ ಕಡೆ.

ನಾನು ಹೋಗೋ ಮುಂಚೆ ಭಾಷಣಕಾರರ ಪಟ್ಟಿ ನೋಡಿ ಮೂರೋ ನಾಲ್ಕೋ ಜನಕ್ಕೆ ಎರಡು ಸಾಲು ಬರೆದಿರ್ತೀನಿ, "ನಿಮ್ಮ ವಿಷಯದಲ್ಲಿ ನನಗೆ ಇಂಥ ಪ್ರಶ್ನೆ ಇದೆ, ಮಾತು ಮುಗಿದ ಮೇಲೆ ಹತ್ತು ನಿಮಿಷ ಸಿಗ್ತೀರಾ" ಅಂತ. ಅಲ್ಲಿಗೆ ಹೋದಾಗ ಕೈ ಎಲ್ಲಿ ಇಟ್ಕೋಬೇಕು ಅನ್ನೋ ಸಮಸ್ಯೆ ಇರಲ್ಲ.

ಅಂಬಿಗ · ಬುಧವಾರ ರಾತ್ರಿ

ಬೂಟು ಹೊಸದು ಹಾಕ್ಕೊಂಡು ಹೋಗಬೇಡಿ. ಇಡೀ ಚರ್ಚೆಯಲ್ಲಿ ಅನುಭವದ ಮಾತು ಇದೊಂದೇ.

ಅರ್ಧವಿರಾಮ · ಗುರುವಾರ ಬೆಳಿಗ್ಗೆ

ಅಕ್ಕ ಎರಡು ದಿನ ಮಗು ನೋಡ್ಕೋತೀನಿ ಅಂದಳು. ಹೆಸರು ನೋಂದಾಯಿಸಿದ್ದೀನಿ. ಎಂಟು ಜನಕ್ಕೆ ಹೊಸ ಮೆಸೇಜ್ ಹೋಗಿದೆ. ಹೊಲಿಗೆ ಯಂತ್ರದಲ್ಲಿ ದಾರ ಸಿಕ್ಕಾದರೆ ಬಿಡಿಸೋದು ಹೇಗೆ ಅಂತ ಒಂದು ಪುಟ ಬರೆದು ಲಗತ್ತಿಸಿದ್ದೀನಿ, ಚಿತ್ರ ನಾನೇ ಬಿಡಿಸಿದ್ದು. ಬಂದು ಹೇಳ್ತೀನಿ.

ಅರ್ಧವಿರಾಮ · ಐದು ವಾರದ ನಂತರ

ಹೋಗಿ ಬಂದೆ. ಮರೆತಿಲ್ಲ, ಬರೆಯೋಕೆ ಹೊತ್ತು ಸಿಗಲಿಲ್ಲ.

ಎಂಟು ಮೆಸೇಜಿಗೆ ಐದು ಉತ್ತರ ಬಂತು. ಎಪ್ಪತ್ತಕ್ಕೆ ಒಂಬತ್ತು ಬಂದಿದ್ದು ನೆನಪಿಸ್ಕೊಳ್ಳಿ. ಐದರಲ್ಲಿ ಮೂವರು ಸಮ್ಮೇಳನಕ್ಕೆ ಬರೋರಿದ್ರು, ಸಿಗೋಣ ಅಂದಿದ್ರು. ಒಬ್ಬರು ಸಿಗಲೇ ಇಲ್ಲ, ಆಮೇಲೆ ಕ್ಷಮೆನೂ ಕೇಳಲಿಲ್ಲ. ಇನ್ನೊಬ್ಬರು ಸಿಕ್ಕಿದ್ರು, ಕಿಟಕಿಪಕ್ಕ ಹೇಳಿದ ಹಾಗೆ ನನ್ನ ಭುಜದ ಮೇಲಿಂದ ನೋಡ್ತಾ ನಾಲ್ಕು ನಿಮಿಷ ಮಾತಾಡಿ ಹೋದರು. ಮೂರನೆಯವರು ಮೇಜಿನ ಮೇಲೆ ನನ್ನ ಹೊಲಿಗೆ ಯಂತ್ರದ ಪುಟದ ಪ್ರಿಂಟ್ ಇಟ್ಟು "ನಾಲ್ಕನೇ ಹೆಜ್ಜೆಯಲ್ಲಿ ಸೂಜಿ ಮೇಲೆ ಇರಬೇಕು ಅಂತ ಹೇಳೋದು ಬಿಟ್ಟಿದ್ದೀರಿ" ಅಂದರು. ನಿಜ, ಬಿಟ್ಟಿದ್ದೆ. ಮುಖ ಕೆಂಪಾಯ್ತು, ಅಲ್ಲೇ ಪೆನ್ನಿಂದ ತಿದ್ದಿದೆ. ಅರ್ಧ ಗಂಟೆ ಕೂತ್ವಿ.

ಮೊದಲನೇ ದಿನ ಮಧ್ಯಾಹ್ನ ಮಾತ್ರ ಅಳು ಬರೋ ಹಾಗಾಗಿತ್ತು. ಎಲ್ಲರೂ ಗುಂಪು ಗುಂಪಾಗಿ ನಿಂತಿದ್ರು, ಯಾವ ಗುಂಪಿನ ಅಂಚಿಗೆ ಹೋದರೂ ಯಾರೂ ಜಾಗ ಬಿಡಲಿಲ್ಲ. ಫೋನ್ ಚಾರ್ಜ್ ಮಾಡೋ ನೆಪದಲ್ಲಿ ಗೋಡೆ ಪಕ್ಕ ಪ್ಲಗ್ ಹತ್ತಿರ ನೆಲದ ಮೇಲೆ ಕೂತೆ. ಅಲ್ಲಿ ಮೊದಲೇ ಒಬ್ಬರು ಕೂತಿದ್ರು, ಅನುವಾದಕಿ. ನನ್ನ ಬ್ಯಾಡ್ಜ್ ನೋಡಿ "ಎಚ್ಚರಿಕೆ, ಅಪಾಯ ಈ ಎರಡು ಪದ ಎಲ್ಲೆಲ್ಲಿ ಬಳಸಬೇಕು ಅಂತ ಉದ್ದಕ್ಕೆ ಬರೆದಿದ್ದೋರು ನೀವೇನಾ?" ಅಂದರು. ಮೂರು ವರ್ಷದ ಹಿಂದೆ ಒಂದು ಗುಂಪಿನಲ್ಲಿ ಸಿಟ್ಟಲ್ಲಿ ಬರೆದಿದ್ದ ಕಾಮೆಂಟ್ ಅದು, ನನಗೇ ಮರೆತಿತ್ತು. ಅವರು ಅದನ್ನ ತಮ್ಮ ತಂಡಕ್ಕೆ ಕಳಿಸಿದ್ರಂತೆ. ಎರಡನೇ ದಿನ ಪೂರ್ತಿ ಅವರ ಜೊತೆ ಓಡಾಡಿದೆ, ಅವರಿಂದ ಆರೇಳು ಜನರ ಪರಿಚಯ ಆಯ್ತು.

ಕೆಲಸ? ಮೂರನೆಯವರ ಕಡೆಯಿಂದ ನಲವತ್ತು ಪುಟದ ಒಂದು ಕೈಪಿಡಿ ಪರೀಕ್ಷೆಗೆ ಅಂತ ಬಂದಿದೆ, ಬರೀತಾ ಇದ್ದೀನಿ. ಪೂರ್ತಿ ಕೆಲಸ ಇನ್ನೂ ಆಗಿಲ್ಲ. ಖರ್ಚು ಹುಟ್ಟುತ್ತೆ, ಮಿಗೋದು ಅಷ್ಟಕ್ಕಷ್ಟೇ. ಫೋನ್ ಮಾಡಿದ್ರಲ್ಲ ಹಳೇ ಸಹೋದ್ಯೋಗಿ, ಅವರು ಬರಲೇ ಇಲ್ಲ, ಕೊನೇ ಗಳಿಗೆಯಲ್ಲಿ ರಜೆ ಸಿಗಲಿಲ್ಲವಂತೆ!

ಅಂಬಿಗ ಅವರೇ, ಹಳೇ ಚಪ್ಪಲಿನೇ ಹಾಕ್ಕೊಂಡು ಹೋಗಿದ್ದೆ.

ಕಿಟಕಿಪಕ್ಕ · ಅದೇ ದಿನ

ಖುಷಿ ಆಯ್ತು. ಒಂದು ಪ್ರಶ್ನೆ: ಭಾಷಣ ನಡೆಯೋವಾಗ ಪರದೆ ಮೇಲೆ ಅಕ್ಷರ ಬರ್ತಿತ್ತಾ?

ಅರ್ಧವಿರಾಮ · ಅದೇ ದಿನ

ದೊಡ್ಡ ಹಾಲ್‌ನಲ್ಲಿ ಬರ್ತಿತ್ತು, ಪಕ್ಕದ ಎರಡು ಕೋಣೆಯಲ್ಲಿ ಇರಲಿಲ್ಲ. ಅಭಿಪ್ರಾಯ ಕೇಳೋ ಫಾರಂನಲ್ಲಿ ನಾನು ಬರೆದದ್ದು ಅದೊಂದೇ. ಮಾತಾಡೋಕೆ ಸದ್ದಿಲ್ಲದ ಒಂದು ಕೋಣೆ ಬೇಕು ಅಂತಾನೂ ಸೇರಿಸಿದೆ. ಸಂಘಟಕರ ಇಮೇಲ್ ನಿಮಗೆ ಖಾಸಗಿಯಾಗಿ ಕಳಿಸ್ತೀನಿ, ನೀವೂ ಬರೀರಿ.

ಹಳೇಪೆನ್ನು · ಅದೇ ದಿನ

ನನಗೂ ಕಳಿಸಿ. ಅವರಲ್ಲಿ ಇಬ್ಬರು ನನಗೆ ಗೊತ್ತು, ನಾಳೆ ಫೋನ್ ಮಾಡ್ತೀನಿ.